ರಾಡ್ ಸುಟ್ಟಿದ್ದಕ್ಕೆ ಅಂಗಡಿಯವರನ್ನ ಬೈದೆವು

ಇಂಜಿನಿಯರಿಂಗ್ ಸೇರಿದ ದಿನದಿಂದ ಒಂದು ಮಾತು ಕೇಳಿ ಕೇಳಿ ನಮಗೆಲ್ಲ ಸಾಕಾಗಿದೆ. ಮದುವೆ ಮನೇಲಿ ಸಿಕ್ಕ ಯಾರೋ ಮಾವ, "ಏನಪ್ಪಾ, ಇಂಜಿನಿಯರ್ ಆಗ್ತಿದೀಯಂತೆ, ನಮ್ಮನೆ ಮಿಕ್ಸಿ ಯಾಕೋ ತಿರುಗ್ತಿಲ್ಲ, ಒಂದ್ ಸಲ ನೋಡು" ಅಂತಾರೆ. ಸುತ್ತ ಇರೋರು ನಗ್ತಾರೆ. ನಾವೂ ಹಲ್ಲು ಕಿರಿದು, "ನಂದು ಕಂಪ್ಯೂಟರ್ ಸೈನ್ಸ್ ಮಾವ" ಅಂತ ಹೇಳಿ ಜಾಮೂನಿನ ಕಡೆ ಜಾರಿಕೊಳ್ತೀವಿ. ಈ ವರ್ಷ ಬಾತಿಯಲ್ಲಿ ನಾಲ್ಕು ಜನ ಸೇರಿ ಬಾಡಿಗೆ ರೂಮು ಮಾಡಿದ ಮೇಲೆ ಅನ್ನಿಸ್ತಿದೆ, ಮಾವ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಹಾಸ್ಟೆಲಿನಲ್ಲಿ ಇದ್ದಾಗ ನೀರು, ಸೋಪು, ಬಕೆಟ್ಟು ಇವೆಲ್ಲ ಯೋಚನೆ ಮಾಡೋ ವಿಷಯವೇ ಅಲ್ಲ. ರೂಮಿಗೆ ಬಂದ ಮೊದಲ ವಾರದಲ್ಲೇ ಗೊತ್ತಾಯ್ತು, ಅರ್ಧ ಸೋಪು ತಿಕ್ಕಿದರೂ ನೊರೆ ಬರಲ್ಲ. ತಲೆಗೂದಲು ಹಗ್ಗದಂತಾಯ್ತು. ಸ್ಟೀಲ್ ಲೋಟದ ಮೇಲೆ ಎಷ್ಟು ತೊಳೆದರೂ ಬಿಳಿ ಕಲೆ. ತುಂಗಭದ್ರೆ ಇಲ್ಲೇ ಹರಿಹರದ ಪಕ್ಕ ಹರೀತಾಳೆ, ಆದ್ರೆ ನಮ್ಮ ಟ್ಯಾಂಕಿಗೆ ಬರೋದು ಬೋರ್ ನೀರು. ಯಾವತ್ತಾದ್ರೂ ನಲ್ಲಿ ನೀರು ಸಿಕ್ಕ ದಿನ ಅದೇ ಸೋಪು ಹಬ್ಬದ ತರ ನೊರೆ ಕೊಡುತ್ತೆ.

ದೀಪಾವಳಿ ಆದಮೇಲೆ ಚಳಿ ಶುರುವಾಯ್ತು. ನೀರು ಕಾಯಿಸೋ ರಾಡ್ ತಂದೆವು. ಎರಡೂವರೆ ತಿಂಗಳಿಗೆ ಸುಟ್ಟುಹೋಯ್ತು. ದಾವಣಗೆರೆಗೆ ಹೋಗಿ ಅಂಗಡಿಯವರ ಜೊತೆ ಜಗಳ ಆಡಿದೆವು. ಡೂಪ್ಲಿಕೇಟ್ ಮಾಲು ಕೊಟ್ಟಿದೀರಿ ಅಂದೆವು, ಇನ್ನೂ ಏನೇನೋ ಅಂದೆವು. ಅವರು ರಾಡನ್ನ ಕೈಗೆ ತಗೊಂಡು, ಮೇಲಿದ್ದ ಬಿಳಿ ಗಟ್ಟಿ ಪದರವನ್ನ ಉಗುರಿನಿಂದ ಕೆರೆದು, "ನೀರು ಎಲ್ಲಿದ್ರೀ?" ಅಂತ ಮಾತ್ರ ಕೇಳಿದರು. ನಮಗೆ ಅದು ತಪ್ಪಿಸಿಕೊಳ್ಳೋ ಮಾತಿನ ತರ ಕೇಳಿಸ್ತು. ಇನ್ನೊಂದು ಅಂಗಡಿಯಲ್ಲಿ ಇನ್ನೊಂದು ರಾಡ್ ತಗೊಂಡು, ಸಿಟ್ಟಿಗೆ ಮಂಡಕ್ಕಿ ಮಿರ್ಚಿ ತಿಂದು ವಾಪಸ್ ಬಂದೆವು.

ಎರಡನೇ ರಾಡ್ ಸುಡಲಿಲ್ಲ. ಅದಕ್ಕಿಂತ ಕೆಟ್ಟದ್ದಾಯ್ತು. ನಮ್ಮಲ್ಲೊಬ್ಬ ನೀರು ಬೆಚ್ಚಗಾಯ್ತಾ ಅಂತ ಸ್ವಿಚ್ ಆಫ್ ಮಾಡದೆ ಬಕೆಟ್ಟಿಗೆ ಬೆರಳು ಹಾಕಿದ. ಶಾಕ್ ಹೊಡೆದು ಹಿಂದಕ್ಕೆ ಬಿದ್ದ. ಕೈ ಜೋಮು ಹಿಡಿದಿದ್ದು ಮಧ್ಯಾಹ್ನದವರೆಗೂ ಬಿಡಲಿಲ್ಲ. ಆವತ್ತು ನಾವ್ಯಾರೂ ಕಾಲೇಜಿಗೆ ಹೋಗಲಿಲ್ಲ. ಮೊದಲ ಸಲ ಕೂತು ಯೋಚನೆ ಮಾಡಿದೆವು.

ನಾಚಿಕೆ ಆಗೋ ವಿಷಯ ಏನಂದ್ರೆ, ಉತ್ತರ ನಮ್ಮ ಹತ್ತಿರಾನೇ ಇತ್ತು. ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬಿನಲ್ಲಿ ನೀರಿನ ಗಡಸುತನ ಅಳೆದಿದ್ದೆವು. ಇಡಿಟಿಎ ಟೈಟ್ರೇಷನ್, ವೈನ್ ರೆಡ್ ಹೋಗಿ ನೀಲಿ ಬರೋವರೆಗೆ ಬ್ಯುರೆಟ್ಟಿನಿಂದ ಹನಿ ಹನಿ ಬಿಡೋದು. ನೀಲಿ ಬಂತು, ರೀಡಿಂಗ್ ಬರೆದೆವು, ಮಾರ್ಕ್ಸ್ ತಗೊಂಡೆವು. ಕುಡಿಯೋ ನೀರಿಗೆ ಬಿಐಎಸ್ ಹೇಳೋ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ಆಗಬಹುದು ಅಂತ ವೈವಾದಲ್ಲಿ ಬಾಯಿಪಾಠ ಒಪ್ಪಿಸಿದ್ದೆವು. ಅದೇ ಲೆಕ್ಕವನ್ನ ನಮ್ಮ ಬಕೆಟ್ಟಿಗೆ ಹಾಕಬಹುದು ಅಂತ ನಾಲ್ವರಲ್ಲಿ ಒಬ್ಬರಿಗೂ ಹೊಳೀಲಿಲ್ಲ. ನಾವು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, 'ಟೆಂಪರರಿ ಹಾರ್ಡ್‌ನೆಸ್' ಅನ್ನೋದು ನಮಗೆ ಪರೀಕ್ಷೆಯ ಪದ. ಓನರ್ ಆಂಟಿ "ಇಲ್ಲಿ ನೀರು ಗಡಸಪ್ಪ" ಅಂದಿದ್ದು ಮನೆಯ ಪದ. ಎರಡೂ ಒಂದೇ ಅಂತ ತಿಳಿಯೋಕೆ ಒಂದು ಶಾಕ್ ಬೇಕಾಯ್ತು!

ಲೆಕ್ಕ ಹಾಕಿ ನೋಡಿ. ಕಾಯಿಸಿದಾಗ ಕಲ್ಲಾಗೋ ಗಡಸುತನ ಲೀಟರಿಗೆ 300 ಮಿಲಿಗ್ರಾಂ ಇದೆ ಅಂದುಕೊಳ್ಳೋಣ. ದಿನಕ್ಕೆ 40 ಲೀಟರ್ ಕಾಯಿಸಿದರೆ 12 ಗ್ರಾಂ. ಸ್ನಾನದ ಬಿಸಿಗೆ ಅದೆಲ್ಲ ಕಲ್ಲಾಗಲ್ಲ, ಹತ್ತನೇ ಒಂದು ಭಾಗ ರಾಡಿಗೆ ಅಂಟಿತು ಅನ್ನೋಣ. ದಿನಕ್ಕೆ 1.2 ಗ್ರಾಂ. ಎರಡೂವರೆ ತಿಂಗಳಿಗೆ 90 ಗ್ರಾಂ. ಒಂದು ಬೆರಳು ದಪ್ಪದ ಕಾಯಿಲಿಗೆ 90 ಗ್ರಾಂ ಸುಣ್ಣದ ಕಲ್ಲಿನ ಅಂಗಿ ತೊಡಿಸಿದಂತೆ.

ಇಲ್ಲೊಂದು ತಪ್ಪು ತಿಳುವಳಿಕೆ ಇದೆ, ನಮಗೂ ಇತ್ತು. ಪದರ ಕಟ್ಟಿದರೆ ಕರೆಂಟ್ ಜಾಸ್ತಿ ತಿನ್ನುತ್ತೆ ಅಂತ. ನೀರಿನೊಳಗೆ ಮುಳುಗಿರೋ ರಾಡಿನ ಬಿಸಿ ಬೇರೆಲ್ಲಿ ಹೋಗಬೇಕು? ನೀರಿಗೇ ಬರಬೇಕು. ತೊಂದರೆ ಅದಲ್ಲ. ಕಲ್ಲಿನ ಪದರ ಬಿಸಿಯನ್ನ ಬೇಗ ಬಿಟ್ಟುಕೊಡದೆ ಇರೋದರಿಂದ ಒಳಗಿನ ತಂತಿ ಇರಬೇಕಾದ್ದಕ್ಕಿಂತ ಹೆಚ್ಚು ಕಾಯುತ್ತೆ. ಕೊನೆಗೆ ತಂತಿ ಕಡಿಯುತ್ತೆ, ಇಲ್ಲಾ ಹೊರಗಿನ ಲೋಹದ ಕೊಳವೆ ಬಿರುಕು ಬಿಡುತ್ತೆ. ಬಿರುಕು ಬಿಟ್ಟರೆ, ತಂತಿಗೂ ಕೊಳವೆಗೂ ನಡುವೆ ಕರೆಂಟ್ ತಡೆಯೋಕೆ ತುಂಬಿರೋ ಮೆಗ್ನೀಷಿಯಂ ಆಕ್ಸೈಡ್ ಪುಡಿ ಒದ್ದೆಯಾಗಿ ಕರೆಂಟ್ ನೀರಿಗೆ ಇಳಿಯುತ್ತೆ. ಮೊದಲನೆಯದು ನಮ್ಮ ದುಡ್ಡು ತಿಂತು, ಎರಡನೆಯದು ಗೆಳೆಯನನ್ನೇ ತಿನ್ನೋದಿತ್ತು.

ಪ್ಲಗ್ ಬಿಚ್ಚಿ ನೋಡಿದೆವು, ಮೂರು ಪಿನ್ ಸರಿ ಇತ್ತು. ಆದ್ರೆ ಗೋಡೆಯ ಸಾಕೆಟ್ಟಿನ ಮೂರನೇ ತೂತಿಗೆ ಹಿಂದೆ ವೈರೇ ಇಲ್ಲ! ಅರ್ಥಿಂಗ್ ಅನ್ನೋದು ಬರೀ ತೂತಿನ ರೂಪದಲ್ಲಿತ್ತು. ಸೋರಿಕೆ 30 ಮಿಲಿಆಂಪ್ ಮುಟ್ಟೋದರೊಳಗೆ ಕರೆಂಟ್ ಕಡಿದು ಹಾಕೋ ಆರ್‌ಸಿಸಿಬಿ ಬಗ್ಗೆಯೂ ಓದಿದ್ದೆವು, ಎಲೆಕ್ಟ್ರಿಕಲ್ ಪೇಪರಿನಲ್ಲಿ ಐದು ಮಾರ್ಕಿನ ಪ್ರಶ್ನೆ ಅದು.

ಈ ಮಧ್ಯೆ ಓನರ್ ಆಂಟಿಗೂ ನಮ್ಮ ಮೇಲೆ ಸಿಟ್ಟು. ಅವರ ಅಂಗಳದ ಕುಂಡಗಳಲ್ಲಿ ಮಲ್ಲಿಗೆ, ದಾಸವಾಳ, ಒಂದು ತುಳಸಿ. ಎಲೆಗಳ ಅಂಚು ಕಂದು ಬಣ್ಣಕ್ಕೆ ತಿರುಗಿ ಒಣಗ್ತಿತ್ತು. ಹುಡುಗರು ಬಟ್ಟೆ ಒಗೆದ ಸೋಪಿನ ನೀರು ಚೆಲ್ತಾರೆ ಅಂತ ಅವರ ಅನುಮಾನ. ನಾವು ದೇವರಾಣೆಗೂ ಚೆಲ್ಲಿರಲಿಲ್ಲ. ಎರಡು ವಾರ ಮಾತು ಬಿಟ್ಟಿದ್ದರು, ನಾವೂ ಮುಖ ಊದಿಸಿಕೊಂಡು ಓಡಾಡ್ತಿದ್ದೆವು. ರಾಡಿನ ಕಥೆ ಆದಮೇಲೆ ಕುಂಡಗಳನ್ನ ಸರಿಯಾಗಿ ನೋಡಿದೆವು. ಮಣ್ಣಿನ ಮೇಲೆ ಅದೇ ತರದ ಬಿಳಿ ಪದರ. ಆಂಟಿ ನೀರು ಹಾಳಾಗಬಾರದು ಅಂತ ಆರ್‌ಓ ಯಂತ್ರದಿಂದ ಹೊರಗೆ ಬರೋ ನೀರನ್ನೆಲ್ಲ ಬಕೆಟ್ಟಿನಲ್ಲಿ ಹಿಡಿದು ಗಿಡಕ್ಕೆ ಹಾಕ್ತಿದ್ದರು. ಒಂದು ಲೀಟರ್ ಕುಡಿಯೋ ನೀರಿಗೆ ಮೂರು ಲೀಟರ್ ಹೊರಗೆ ಬಂದರೆ, ನಾಲ್ಕು ಲೀಟರಿನ ಉಪ್ಪು ಹೆಚ್ಚುಕಡಿಮೆ ಪೂರ್ತಿ ಆ ಮೂರರಲ್ಲೇ ಇರುತ್ತೆ. ಕುಂಡದ ನೀರು ಆವಿಯಾಗುತ್ತೆ, ಉಪ್ಪು ಅಲ್ಲೇ ಕೂರುತ್ತೆ. ಒಳ್ಳೇದು ಮಾಡೋಕೆ ಹೋಗಿ ಆಂಟಿ ಗಿಡಕ್ಕೆ ದಿನಾ ಉಪ್ಪು ಉಣಿಸ್ತಿದ್ದರು. ಆ ನೀರನ್ನ ನೆಲ ಒರೆಸೋಕೆ, ಬಚ್ಚಲು ತೊಳೆಯೋಕೆ ಬಳಸಿ ಅಂತ ಹೇಳಿದಾಗ ಮೊದಲು ನಂಬಲಿಲ್ಲ. ಕುಂಡದ ಬಿಳಿ ಪುಡಿಯನ್ನೂ ರಾಡಿನ ಪುಡಿಯನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ ಮೇಲೆ "ಹೌದೇನ್ರೋ?" ಅಂದರು.

ಅಂದ್ರೆ ನಾವು ಅಂಗಡಿಯವರನ್ನ ಬೈದೆವು, ಆಂಟಿ ನಮ್ಮನ್ನ ಬೈದರು. ಮನೆಯ ಸಾಮಾನು ಕೈಕೊಟ್ಟಾಗ ಹತ್ತಿರ ಯಾರಿದ್ದಾರೋ ಅವರ ಮೇಲೆ ಸಿಟ್ಟು ಬೀಳುತ್ತೆ. ನಮ್ಮ ಮನೆಗಳಲ್ಲಿ ಆ ಹತ್ತಿರದವರು ಯಾವಾಗಲೂ ಅಮ್ಮ. ಕುಕ್ಕರ್ ಸೀಟಿ ಹಾಕಲ್ಲ, ಅನ್ನ ತಡವಾಯ್ತು ಅಂತ ಅವರ ಮೇಲೆ ರೇಗ್ತೀವಿ. ಅವರು ಒಬ್ಬರೇ ಗ್ಯಾಸ್ಕೆಟ್ ತೆಗೆದು, ತಿರುಗಿಸಿ ಹಾಕಿ, ತಣ್ಣೀರಲ್ಲಿ ಅದ್ದಿ, ಎಲ್ಲಿ ಉಗಿ ಸೋರ್ತಿದೆ ಅಂತ ಕಿವಿಯಿಟ್ಟು ಹುಡುಕ್ತಾರೆ. ಟ್ರಬಲ್‌ಶೂಟಿಂಗ್ ಅಂತ ನಾವು ಲ್ಯಾಬ್ ರೆಕಾರ್ಡಿನಲ್ಲಿ ಬರೆಯೋದು ಇದನ್ನೇ ಅಲ್ವಾ? ಈ ವಿಷಯ ಬಂದಾಗ "ತಾಳ್ಮೆ ಇಟ್ಕೊಳ್ಳಿ" ಅನ್ನೋ ಬುದ್ಧಿಮಾತು ನಮಗೆ ಇಷ್ಟ ಆಗಲ್ಲ. ತಾಳ್ಮೆ ಇಟ್ಟುಕೊಂಡೇ ಶಾಕ್ ಹೊಡೆಸಿಕೊಂಡವರು ನಾವು. ಏನು ಕೆಟ್ಟಿದೆ ಅಂತ ಗೊತ್ತಾದ ದಿನ ಸಿಟ್ಟು ತಾನೇ ಅರ್ಧ ಇಳಿದಿತ್ತು.

ಹಾಗಂತ ತಪ್ಪೆಲ್ಲ ಬಳಸೋರದ್ದೇ ಅಂತ ನಾವು ಒಪ್ಪಲ್ಲ. ನಮ್ಮ ವರ್ಕ್‌ಶಾಪಿನಲ್ಲಿ ಒಂದು ಹಳೇ ಲೇಥ್ ಇದೆ, ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಮಾಡಿದ್ದು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯ್ತು, ಲೇಥ್ ಇನ್ನೂ ತಿರುಗ್ತಿದೆ, ಯಾಕಂದ್ರೆ ಒಂದು ಸ್ಪ್ಯಾನರ್ ಇದ್ದರೆ ಅದನ್ನ ಬಿಚ್ಚಬಹುದು. ಈಗಿನ ಎಷ್ಟೋ ಸಾಮಾನು ಬಿಚ್ಚೋಕೇ ಬರಲ್ಲ. ಅಂಟು ಹಾಕಿ ಮುಚ್ಚಿರ್ತಾರೆ, ಇಲ್ಲಾ ಯಾರ ಮನೇಲೂ ಇಲ್ಲದ ಸ್ಕ್ರೂ ಹಾಕಿರ್ತಾರೆ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರೈಟ್ ಟು ರಿಪೇರ್' ಪೋರ್ಟಲ್ ಶುರು ಮಾಡಿದೆ, ದೂರು ಹೇಳೋಕೆ 1915 ಅನ್ನೋ ಸಹಾಯವಾಣಿಯೂ ಇದೆ. ಆದ್ರೆ ಬಿಲ್ಲೇ ಇಟ್ಟುಕೊಳ್ಳದ ನಾವು ಯಾವ ಮುಖ ಇಟ್ಟುಕೊಂಡು ಫೋನ್ ಮಾಡೋದು?

ಈಗ ಮೂರನೇ ರಾಡ್ ಇದೆ. ಭಾನುವಾರ ಅದನ್ನ ಪ್ಲಗ್ಗಿನಿಂದ ತೆಗೆದು, ಆರಿದ ಮೇಲೆ, ಕಾಯಿಲಿನ ಭಾಗ ಮಾತ್ರ ಮುಳುಗೋ ಹಾಗೆ ನಿಂಬೆ ಉಪ್ಪಿನ ನೀರಲ್ಲಿ ಇಡ್ತೀವಿ. ಎರಡು ಮೂರು ಚಮಚ ಸಾಕು, ಜುಯ್ ಅಂತ ಗುಳ್ಳೆ ಎದ್ದು ಪದರ ಬಿಡುತ್ತೆ. ಬಚ್ಚಲಿನ ಆಸಿಡ್ ಹಾಕಬೇಡಿ, ಲೋಹವನ್ನೇ ತಿನ್ನುತ್ತೆ. ಅದನ್ನ ಬ್ಲೀಚಿಂಗ್ ಪೌಡರ್ ಜೊತೆ ಅಂತೂ ಸೇರಿಸಲೇಬೇಡಿ, ಕ್ಲೋರಿನ್ ಬರುತ್ತೆ. ಜೂನಿಯರ್ಸ್‌ಗೆ ಇನ್ನೊಂದು ಮಾತು: ರೂಮು ನೋಡೋಕೆ ಹೋದಾಗ ವೈಫೈ ಪಾಸ್‌ವರ್ಡ್ ಕೇಳೋ ಮೊದಲು ಅರ್ಥಿಂಗ್ ಇದೆಯಾ ಕೇಳಿ.

ನಮ್ಮ ಸಾಕೆಟ್ಟಿಗೆ ಅರ್ಥ್ ವೈರ್ ಎಳೆಸೋಕೆ, ಆರ್‌ಸಿಸಿಬಿ ಹಾಕಿಸೋಕೆ ಆಂಟಿ ಒಪ್ಪಿದ್ದಾರೆ. ಖರ್ಚು ಅರ್ಧ ಅರ್ಧ ಅಂತ ಅವರು, ಪೂರ್ತಿ ನಿಮ್ಮದೇ ಅಂತ ನಾವು, ಇನ್ನೂ ಚೌಕಾಸಿ ನಡೀತಿದೆ. ಅಲ್ಲಿವರೆಗೆ ರಾಡ್ ಹಚ್ಚಲ್ಲ, ತಣ್ಣೀರ ಸ್ನಾನ. ದಾವಣಗೆರೆಯ ಆ ಅಂಗಡಿಗೆ ಹೋಗಿ ಸಾರಿ ಕೇಳೋದು ಮಾತ್ರ ಬಾಕಿ ಇದೆ. ನಾಲ್ವರಲ್ಲಿ ಯಾರು ಮೊದಲು ಮಾತಾಡಬೇಕು ಅಂತ ತೀರ್ಮಾನ ಆಗಿಲ್ಲ.