ಇನ್‌ಸ್ಪೆಕ್ಷನ್ ಆಯ್ತು ಅಂತೀರಲ್ಲ, ರಿಪೋರ್ಟ್ ಎಲ್ಲಿ?

1/8
ಹೋದ ವಾರದ ಪೋಸ್ಟ್ ಆದಮೇಲೆ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. "ಅಕ್ಕಾ, ನಮ್ಮೂರಲ್ಲಿ ಡೆಲಿವರಿಗೆ ಯಾವ ನರ್ಸಿಂಗ್ ಹೋಮ್ ಒಳ್ಳೇದು?" "ತಾತನ ಆಪರೇಷನ್‌ಗೆ ಎಲ್ಲಿಗೆ ಹೋಗೋಣ?" ಬಿ.ಎಸ್ಸಿ. ನರ್ಸಿಂಗ್ ಓದ್ತಿರೋಳಿಗೆ ಇದೆಲ್ಲ ಗೊತ್ತಿರುತ್ತೆ ಅನ್ನೋ ನಂಬಿಕೆ.

ನಾನು ಯಾವ ಹೆಸರೂ ಹೇಳಲ್ಲ. ಹೇಳೋಕೆ ಬೇಕಾದ ಮಾಹಿತಿ ಇರೋದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯ ಬೀರುವಿನಲ್ಲಿ. ನೋಂದಣಿ ಆಗಿರೋ ಪ್ರತಿ ನರ್ಸಿಂಗ್ ಹೋಮ್‌ಗೂ ಅಲ್ಲಿ ಒಂದು ಫೈಲ್ ಇದೆ. ಯಾರೋ ಹೋಗಿ ನೋಡಿ, ಟಿಕ್ ಹಾಕಿ, ಸಹಿ ಮಾಡಿದ ಕಾಗದ ಅದರಲ್ಲಿದೆ. ಅದು ನಮ್ಮ ಜೀವದ ಬಗ್ಗೆ ಇರೋ ಕಾಗದ. ಆದರೆ ನಮಗೆ ಮಾತ್ರ ಅದನ್ನ ಯಾರೂ ತೋರಿಸಲ್ಲ.

ಈ ಸೀರೀಸ್‌ನಲ್ಲಿ ನನ್ನ ವಾದ ಒಂದೇ: ಜನರ ಕಣ್ಣಿಗೆ ಬೀಳದ ತಪಾಸಣೆ ತಪಾಸಣೆಯೇ ಅಲ್ಲ.

2/8
ಮೊದಲು ಕಾನೂನು. ಬೋರ್ ಅಂತ ಸ್ವೈಪ್ ಮಾಡ್ಬೇಡಿ, ನಾಳೆ ನಿಮ್ಮ ಮನೆಯವರಿಗೇ ಬೇಕಾಗುತ್ತೆ.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007. ಎಲ್ಲರೂ ಕೆಪಿಎಂಇ ಅಂತಾರೆ. ಸಣ್ಣ ಕ್ಲಿನಿಕ್‌ನಿಂದ ದೊಡ್ಡ ಕಾರ್ಪೊರೇಟ್ ಆಸ್ಪತ್ರೆವರೆಗೆ ಎಲ್ಲ ಖಾಸಗಿಯವರೂ ಇದರಡಿ ನೋಂದಣಿ ಮಾಡಿಸಲೇಬೇಕು. ನೋಂದಣಿಗೆ 5 ವರ್ಷ ಆಯಸ್ಸು, ಆಮೇಲೆ ನವೀಕರಣ. ಜಿಲ್ಲಾ ಮಟ್ಟದ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ನೋಂದಣಿ ಪತ್ರ, ದರಪಟ್ಟಿ ಎರಡೂ ಜನರಿಗೆ ಕಾಣೋ ಹಾಗೆ ಇರಬೇಕು. ಎಮರ್ಜೆನ್ಸಿಯಲ್ಲಿ "ಮೊದಲು ಅಡ್ವಾನ್ಸ್ ಕಟ್ಟಿ" ಅಂತ ಚಿಕಿತ್ಸೆ ತಡೆಯೋ ಹಾಗಿಲ್ಲ. ಬಿಲ್ ಬಾಕಿ ಅಂತ ಶವ ಹಿಡಿದಿಟ್ಟುಕೊಳ್ಳೋ ಹಾಗಿಲ್ಲ.

2017ರಲ್ಲಿ ಇದಕ್ಕೆ ತಿದ್ದುಪಡಿ ತರೋಕೆ ಹೊರಟಾಗ ನವೆಂಬರ್‌ನಲ್ಲಿ ರಾಜ್ಯದಾದ್ಯಂತ ಖಾಸಗಿ ಡಾಕ್ಟರ್‌ಗಳು ಒಪಿಡಿ ಮುಚ್ಚಿ ಬೀದಿಗೆ ಬಂದ್ರು. ಜೈಲು ಶಿಕ್ಷೆ ಬೇಕಾ, ದರ ನಿಗದಿ ಯಾರು ಮಾಡ್ಬೇಕು ಅಂತ ದೊಡ್ಡ ಜಗಳ ಆಯ್ತು. ತಪಾಸಣೆ ವರದಿ ರೋಗಿ ಕೈಗೆ ಸಿಗಬೇಕು ಅನ್ನೋದಕ್ಕೆ ಮಾತ್ರ ಅಂಥ ಜಗಳ ಯಾರೂ ಮಾಡಲಿಲ್ಲ.

3/8
ಕಳೆದ ವರ್ಷ ಪೋಸ್ಟಿಂಗ್‌ಗೆ ಅಂತ ಒಂದು ತಾಲ್ಲೂಕು ಊರಿನ ನರ್ಸಿಂಗ್ ಹೋಮ್‌ನಲ್ಲಿದ್ವಿ. ಊರಿನ ಹೆಸರೂ ಬೇಡ. "ನಾಳಿದ್ದು ಇನ್‌ಸ್ಪೆಕ್ಷನ್" ಅಂತ ಫೋನ್ ಬಂತು. ಅಲ್ಲಿಂದ ಎರಡು ದಿನ ಮದುವೆ ಮನೆ ಓಡಾಟ. ಮೆಟ್ಟಿಲ ಕೆಳಗೆ ಒಟ್ಟಿದ್ದ ಹಳೇ ಹಾಸಿಗೆ, ರಟ್ಟಿನ ಡಬ್ಬ ಎಲ್ಲ ಟೆಂಪೋ ಹತ್ತಿದ್ವು. ಯಾವಾಗಲೂ ಬೀಗ ಹಾಕಿರ್ತಿದ್ದ ಹಿಂದಿನ ಬಾಗಿಲು ತೆರೀತು. ಬೆಂಕಿ ಆರಿಸೋ ಸಿಲಿಂಡರ್ ಪಕ್ಕದ ಆಸ್ಪತ್ರೆಯಿಂದ ಸಾಲ ಬಂತು. ಇಬ್ಬರೇ ನರ್ಸ್ ಇರ್ತಿದ್ದ ರಾತ್ರಿ ಪಾಳಿಗೆ ಡ್ಯೂಟಿ ಚಾರ್ಟ್‌ನಲ್ಲಿ ಆರು ಹೆಸರು. ಅದರಲ್ಲಿ ಇಬ್ಬರು ಯಾವಾಗಲೋ ಕೆಲಸ ಬಿಟ್ಟು ಬೆಂಗಳೂರು ಸೇರಿದ್ರು.

ಬಂದವರು ಮುಕ್ಕಾಲು ಗಂಟೆ ಇದ್ರು, ಹೆಚ್ಚು ಹೊತ್ತು ಡಾಕ್ಟರ್ ಚೇಂಬರ್‌ನಲ್ಲೇ. ಕಾಫಿ, ಫೈಲ್, ಸಹಿ. ಒಬ್ಬ ರೋಗಿಯನ್ನೂ ಮಾತಾಡಿಸಲಿಲ್ಲ, ಒಬ್ಬ ನರ್ಸನ್ನೂ ಕೇಳಲಿಲ್ಲ. ಮಾರನೇ ದಿನ ಹಿಂದಿನ ಬಾಗಿಲಿಗೆ ಮತ್ತೆ ಬೀಗ.

ಇದು ಆ ಅಧಿಕಾರಿಗಳು ಕೆಟ್ಟವರು ಅನ್ನೋ ಕತೆ ಅಲ್ಲ. ಅವರು ನೋಡಿದ ದಿನ, ಅವರು ನೋಡಿದ ಕಾಗದದಲ್ಲಿ ಎಲ್ಲ ಸರಿಯಾಗೇ ಇತ್ತು. ಈಗ ಆ ವರದಿಯನ್ನ ರಿಸೆಪ್ಷನ್ ಗೋಡೆಗೆ ಅಂಟಿಸಿದ್ದಾರೆ ಅಂತ ಅಂದುಕೊಳ್ಳಿ. "ಹಿಂದಿನ ಬಾಗಿಲು ಸದಾ ತೆರೆದಿರುತ್ತದೆ" ಅನ್ನೋ ಸಾಲನ್ನ ಅಡ್ಮಿಟ್ ಆಗಿರೋರ ಮಗ ಓದ್ತಾನೆ. ಎದ್ದು ಹೋಗಿ ಬಾಗಿಲು ತಳ್ಳಿ ನೋಡ್ತಾನೆ. ಎರಡು ದಿನ ಕಟ್ಟಿದ ನಾಟಕ ಎರಡು ನಿಮಿಷಕ್ಕೆ ಬಯಲು. ಇಲಾಖೆ ಎಷ್ಟು ಜನ ಇನ್‌ಸ್ಪೆಕ್ಟರ್‌ಗಳನ್ನ ನೇಮಿಸಿದ್ರೂ ದಿನಾ ವಾರ್ಡ್‌ನಲ್ಲಿ ಕೂರೋ ರೋಗಿ ಕಡೆಯವರಷ್ಟು ಕಣ್ಣು ಸಿಗಲ್ಲ.

4/8
"ಬಾಗಿಲಿಗೆ ಬೀಗ, ಮೂಲೇಲಿ ರಟ್ಟು... ಇಷ್ಟಕ್ಕೆಲ್ಲ ಏನು ರಂಪ?" ಅನ್ನೋರಿಗೆ ಎರಡು ಘಟನೆ.

2011 ಡಿಸೆಂಬರ್ 9, ಕೋಲ್ಕತ್ತಾದ ಎಎಂಆರ್‌ಐ ಆಸ್ಪತ್ರೆ. ಗಾಡಿ ನಿಲ್ಲಿಸೋಕೆ ಅಂತ ಅನುಮತಿ ಇದ್ದ ನೆಲಮಾಳಿಗೆ ಉಗ್ರಾಣವಾಗಿತ್ತು. ಬೆಳಗಿನ ಜಾವ ಅಲ್ಲಿ ಬೆಂಕಿ ಹತ್ತಿ ಹೊಗೆ ಮೇಲಿನ ವಾರ್ಡ್‌ಗಳಿಗೆ ಏರಿತು. ಸುಮಾರು 90 ಜನ ಸತ್ರು, ಬಹುತೇಕರು ಉಸಿರುಗಟ್ಟಿ. ನಮ್ಮ ಬ್ಯಾಚ್‌ನವರು ಇದನ್ನ ನೆನಪಿಡಿ: ಕೇರಳದ ಇಬ್ಬರು ನರ್ಸ್‌ಗಳು ರೋಗಿಗಳನ್ನ ಹೊರಗೆ ತರೋ ಪ್ರಯತ್ನದಲ್ಲೇ ಪ್ರಾಣ ಬಿಟ್ರು.

2024 ಮೇ 25ರ ರಾತ್ರಿ, ದೆಹಲಿಯ ವಿವೇಕ್ ವಿಹಾರದ ಒಂದು ಮಕ್ಕಳ ಆಸ್ಪತ್ರೆ. ಬೆಂಕಿಗೆ ಸಿಕ್ಕಿ ನವಜಾತ ಶಿಶುಗಳು ಹೋದವು. ಆಮೇಲೆ ಪೊಲೀಸರು ಹೇಳಿದ್ದೇನು? ಲೈಸೆನ್ಸ್ ಮಾರ್ಚ್ 31ಕ್ಕೇ ಮುಗಿದಿತ್ತು. ಅನುಮತಿ ಇದ್ದಿದ್ದು 5 ಹಾಸಿಗೆಗೆ, ಒಳಗಿದ್ದಿದ್ದು 12 ಶಿಶುಗಳು. ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಇರಲಿಲ್ಲ.

ಮತ್ತೆ ಓದಿ. ಮುಗಿದ ದಿನಾಂಕ, ಹಾಸಿಗೆ ಸಂಖ್ಯೆ. ಇವೆರಡನ್ನ ನೋಡೋಕೆ ಡಾಕ್ಟರ್ ಆಗಬೇಕಿಲ್ಲ, ಎಸ್ಸೆಸ್ಸೆಲ್ಸಿ ಓದಿರೋ ಯಾರಾದ್ರೂ ನೋಡಬಹುದಿತ್ತು. ಎರಡೂ ಸರ್ಕಾರದ ಫೈಲ್‌ನಲ್ಲಿ ಇದ್ವು. ಆ ಮಕ್ಕಳ ಅಪ್ಪ ಅಮ್ಮಂದಿರಿಗೆ ಗೊತ್ತಾಗಿದ್ದು ಬೆಂಕಿ ಆರಿದ ಮೇಲೆ.

5/8
"ಇದೆಲ್ಲ ಎಲ್ಲಾದ್ರೂ ಆಗುತ್ತಾ?" ಆಗುತ್ತೆ.

ಅಮೆರಿಕದಲ್ಲಿ ನರ್ಸಿಂಗ್ ಹೋಮ್ ಅಂದ್ರೆ ಅರ್ಥ ಬೇರೆ, ವಯಸ್ಸಾದವರು ಉಳಿದುಕೊಂಡು ಆರೈಕೆ ಪಡೆಯೋ ಜಾಗ. ಸರ್ಕಾರಿ ವಿಮೆ ಹಣ ಪಡೆಯೋ ಇಂಥ ಎಲ್ಲ ಕಡೆಗೂ 1987ರ ಕಾಯ್ದೆ ಅನ್ವಯ. ತಪಾಸಣೆಗೆ ಹೇಳದೆ ಕೇಳದೆ ಹೋಗಬೇಕು. ಒಂದು ತಪಾಸಣೆಗೂ ಇನ್ನೊಂದಕ್ಕೂ 15 ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು. ಅಲ್ಲಿರೋ ಹಿರಿಯರನ್ನ ಮಾತಾಡಿಸಬೇಕು. ವರದಿಯನ್ನ ಆ ಕಟ್ಟಡದಲ್ಲೇ, ಯಾರ ಅಪ್ಪಣೆಯೂ ಬೇಡದೆ ಕೈಗೆ ಸಿಗೋ ಜಾಗದಲ್ಲಿ ಇಡಬೇಕು. 2008ರಿಂದ ಸರ್ಕಾರದ ವೆಬ್‌ಸೈಟ್‌ನಲ್ಲಿ ಒಂದರಿಂದ ಐದು ಸ್ಟಾರ್ ಕೂಡ ಕೊಡ್ತಾರೆ.

ಅಲ್ಲಿ ಎಲ್ಲ ಚಂದ ಇದೆ ಅಂತಲ್ಲ. ಕೋವಿಡ್‌ನಲ್ಲಿ ಅಂಥ ಕಡೆ ಸತ್ತ ಹಿರಿಯರ ಸಂಖ್ಯೆ ಲಕ್ಷ ದಾಟಿತು. ಸ್ಟಾರ್ ಕೊಟ್ಟ ಮಾತ್ರಕ್ಕೆ ಜೀವ ಉಳಿಯಲ್ಲ. ಆದರೆ ಅಲ್ಲಿ ಮಗಳೊಬ್ಬಳು ಅಮ್ಮನನ್ನ ಸೇರಿಸೋ ಮುಂಚೆ ವರದಿ ಓದಬಹುದು. ಇಲ್ಲಿ ನಾವು ಆಟೋ ಡ್ರೈವರ್ ಅಣ್ಣನ್ನ ಕೇಳ್ತೀವಿ.

6/8
ಈಗ ಎದುರು ವಾದ. ಕಾಮೆಂಟ್‌ನಲ್ಲಿ ಬರೋದಕ್ಕಿಂತ ಮುಂಚೆ ನಾನೇ ಹೇಳ್ತೀನಿ.

"ಸಣ್ಣ ಊರಲ್ಲಿ ಇರೋದೇ ಒಬ್ಬ ಡಾಕ್ಟರ್. ಫೈರ್, ಪೊಲ್ಯೂಷನ್, ಸ್ಕ್ಯಾನಿಂಗ್, ಕೆಪಿಎಂಇ ಅಂತ ಹತ್ತು ಕಚೇರಿ ಸುತ್ತಿಸಿದ್ರೆ ಮುಚ್ಚಿಕೊಂಡು ಹೋಗ್ತಾರೆ." ಅರ್ಧ ನಿಜ. ಇನ್‌ಸ್ಪೆಕ್ಷನ್ ಹೆಸರಲ್ಲಿ ಕೈ ಬಿಸಿ ಮಾಡಬೇಕಾದ ಕಷ್ಟ ಅವರಿಗೂ ಇದೆ. ಆದರೆ ಲಂಚ ಬೆಳೆಯೋದು ಮುಚ್ಚಿದ ಫೈಲ್‌ನಲ್ಲೇ ಅಲ್ವಾ? ವರದಿ ಗೋಡೆ ಮೇಲೆ ಬಂದ್ರೆ ಪ್ರಾಮಾಣಿಕ ಡಾಕ್ಟರ್‌ಗೇ ಮೊದಲ ಲಾಭ.

"ಸರ್ಕಾರಿ ಆಸ್ಪತ್ರೆ ಏನು ಸ್ವರ್ಗವಾ?" ಖಂಡಿತ ಅಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡ್ರು. ಅನುಮಾನ ಐವಿ ದ್ರಾವಣದ ಮೇಲೆ ಬಂತು. ಕೆಪಿಎಂಇ ಸರ್ಕಾರಿ ಆಸ್ಪತ್ರೆಗೆ ಅನ್ವಯಿಸೋದೇ ಇಲ್ಲ ಅನ್ನೋ ಖಾಸಗಿ ಡಾಕ್ಟರ್‌ಗಳ ದೂರು ನ್ಯಾಯವಾದದ್ದೇ. ಹಾಗಾದ್ರೆ ಎರಡೂ ಕಡೆ ವರದಿ ತೋರಿಸಿ. ಅವರದ್ದು ಮುಚ್ಚಿದೆ ಅಂತ ಇವರದ್ದೂ ಮುಚ್ಚೋದು ಯಾವ ನ್ಯಾಯ?

"ಎನ್‌ಎಬಿಎಚ್ ಇದೆಯಲ್ಲ?" ಅದು ಆಸ್ಪತ್ರೆ ತಾನಾಗಿ ಅರ್ಜಿ ಹಾಕಿ ಪಡೆಯೋ ಮಾನ್ಯತೆ. ಒಳ್ಳೇದೇ, ಆದರೆ ಕೆಪಿಎಂಇ ನೋಂದಣಿಗೆ ಬದಲಿ ಅಲ್ಲ.

7/8
ವರದಿ ಸಿಗೋವರೆಗೆ ನಿಮ್ಮ ಕಣ್ಣೇ ವರದಿ. ಇದನ್ನ ಸೇವ್ ಮಾಡ್ಕೊಳ್ಳಿ.

▪ ಕೆಪಿಎಂಇ ಪತ್ರ: ನಂಬರ್ ಮಾತ್ರ ಅಲ್ಲ, ಯಾವತ್ತಿನವರೆಗೆ ಅಂತ ಓದಿ.
▪ ದರಪಟ್ಟಿ: ಇಲ್ಲದಿದ್ರೆ ಕೇಳಿ. ಕೇಳಿದ್ದಕ್ಕೆ ಮುಖ ಊದಿಸಿಕೊಂಡ್ರೆ ಅದೂ ಒಂದು ಉತ್ತರ.
▪ ಹೊರಗೆ ಹೋಗೋ ಎರಡನೇ ದಾರಿ: ಎಲ್ಲಿದೆ, ಬೀಗ ಇದೆಯಾ, ಸ್ಟ್ರೆಚರ್ ಹಿಡಿಸುತ್ತಾ?
▪ ಬೆಂಕಿ ಆರಿಸೋ ಸಿಲಿಂಡರ್: ಚೀಟಿ ಮೇಲಿನ ದಿನಾಂಕ, ಒತ್ತಡದ ಮುಳ್ಳು ಹಸಿರಲ್ಲಿದೆಯಾ?
▪ ಕಸ: ಸೂಜಿ ಬಿಳಿ ಗಟ್ಟಿ ಡಬ್ಬಕ್ಕೆ, ಐವಿ ಸೆಟ್ ಕೆಂಪಿಗೆ, ರಕ್ತದ ಹತ್ತಿ ಹಳದಿಗೆ, ಗಾಜಿನ ಬಾಟಲಿ ನೀಲಿಗೆ. ಎಲ್ಲ ಒಂದೇ ಬಕೆಟ್‌ನಲ್ಲಿದ್ರೆ ಅಲ್ಲಿನ ಸೋಂಕು ನಿಯಂತ್ರಣ ಹೇಗಿದೆ ಅಂತ ಅರ್ಥ ಮಾಡ್ಕೊಳ್ಳಿ.
▪ ರಾತ್ರಿ: "ರಾತ್ರಿ ಡ್ಯೂಟಿ ಡಾಕ್ಟರ್ ಯಾರು? ಎಷ್ಟು ಜನ ನರ್ಸ್?" ಅಂತ ಹಗಲಲ್ಲೇ ಕೇಳಿ.

ಆಕ್ಸಿಡೆಂಟ್ ಆಗಿ ಓಡ್ತಿರುವಾಗ ಇದೆಲ್ಲ ಯಾರೂ ನೋಡಲ್ಲ, ನೋಡೋಕೂ ಬೇಡಿ, ಹತ್ತಿರದ ಆಸ್ಪತ್ರೆಗೆ ಓಡಿ. ಅದಕ್ಕೇ ಈಗ, ಆರಾಮಾಗಿರುವಾಗ ನೋಡಿಡಿ ಅಂತಿರೋದು. ಇನ್ನೊಂದು: ಪ್ರಶ್ನೆ ಕೇಳಿ, ಕೂಗಾಡಬೇಡಿ. ಸಿಟ್ಟೆಲ್ಲ ಬಂದು ಬೀಳೋದು ರಾತ್ರಿ ಪಾಳಿಯ ನರ್ಸ್ ಮೇಲೆ, ಮಾಲೀಕರ ಮೇಲಲ್ಲ.

8/8
ಕೊನೇದಾಗಿ ಕೆಲಸ. ಲೈಕ್ ಸಾಕಾಗಲ್ಲ.

ಮಾಹಿತಿ ಹಕ್ಕು ಕಾಯ್ದೆ, 2005. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹೀಗೆ ಬರೀರಿ:

"ನಮ್ಮ ತಾಲ್ಲೂಕಿನಲ್ಲಿ ಕೆಪಿಎಂಇ ನೋಂದಣಿ ಹೊಂದಿರುವ ನರ್ಸಿಂಗ್ ಹೋಮ್‌ಗಳ ಪಟ್ಟಿ, ಪ್ರತಿಯೊಂದರ ನೋಂದಣಿ ಮುಗಿಯುವ ದಿನಾಂಕ, ಕೊನೆಯ ತಪಾಸಣೆ ನಡೆದ ದಿನಾಂಕ ಮತ್ತು ಆ ತಪಾಸಣಾ ವರದಿಯ ಪ್ರತಿ ಒದಗಿಸಿ."

30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ರೆ ಮೇಲ್ಮನವಿ ಇದೆ.

ನಾವು ಕೇಳೋದು ಮೂರೇ. ಹೇಳದೆ ಬನ್ನಿ. ರೋಗಿಯನ್ನೂ ನರ್ಸನ್ನೂ ಮಾತಾಡಿಸಿ. ವರದಿಯನ್ನ ರಿಸೆಪ್ಷನ್ ಗೋಡೆಗೆ ಹಾಕಿ, ಕನ್ನಡದಲ್ಲಿ.

ನಮ್ಮ ಕ್ಲಾಸ್‌ನಲ್ಲೇ ಎಷ್ಟೊಂದು ತಾಲ್ಲೂಕಿನವರಿದ್ದೀವಿ. ತಲಾ ಒಂದು ಅರ್ಜಿ ಹಾಕಿದ್ರೆ ಸಾಕು, ಬೀರು ತೆರೀಲೇಬೇಕಾಗುತ್ತೆ. ಹಾಕಿದವರು ತಾಲ್ಲೂಕಿನ ಹೆಸರು ಕಾಮೆಂಟ್ ಮಾಡಿ. ಏನು ಉತ್ತರ ಬರುತ್ತೋ ಅದೇ ಮುಂದಿನ ಸೀರೀಸ್.

#ರಿಪೋರ್ಟ್_ಎಲ್ಲಿ #ನರ್ಸಿಂಗ್_ಹೋಮ್ #ಕೆಪಿಎಂಇ #ಮಾಹಿತಿ_ಹಕ್ಕು #ನರ್ಸಿಂಗ್_ವಿದ್ಯಾರ್ಥಿಗಳು