ಕೊಂಡು ತಂದ ಸೂರ್ಯೋದಯ

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನಲ್ಲಿ ಡಿಸೆಂಬರ್ ತಿಂಗಳ ಉತ್ತರಾರ್ಧದಲ್ಲಿ ಸೂರ್ಯ ಮೂಡುವುದು ಬೆಳಿಗ್ಗೆ 8.40ರ ನಂತರ. ಮಧ್ಯಾಹ್ನ ಮೂರು ಗಂಟೆಯೊಳಗೆ ಅವನು ಮುಳುಗಿಯೂ ಬಿಡುತ್ತಾನೆ. ಕತ್ತಲಲ್ಲೇ ಎದ್ದು ಕಚೇರಿ ಸೇರಿ ಕತ್ತಲಲ್ಲೇ ಮನೆಗೆ ಮರಳುವ ಅಲ್ಲಿನ ಜನರಿಗೆ ‘ಸೂರ್ಯೋದಯ ಅಲಾರಂ’ ಎಂಬ ಉಪಕರಣ ಆಡಂಬರವಲ್ಲ. ಏಳಬೇಕಾದ ಹೊತ್ತಿಗೆ ಅರ್ಧ ಗಂಟೆ ಮೊದಲೇ ಅದು ನಸುಗೆಂಪಾಗಿ ಹೊತ್ತಿಕೊಂಡು, ಕ್ರಮೇಣ ಹಳದಿಯಾಗಿ, ಬೆಳ್ಳಗಾಗಿ ಕೋಣೆಯನ್ನು ತುಂಬುತ್ತದೆ. ರಾತ್ರಿ ಮಲಗುವಾಗ ಇದೇ ಕ್ರಮವನ್ನು ಹಿಂದುಮುಂದಾಗಿಸಿ ‘ಸೂರ್ಯಾಸ್ತ’ವನ್ನೂ ತೋರಿಸುತ್ತದೆ.

ಅಲ್ಲಿ ನೆಲೆಸಿರುವ ಮಗಳು ಅಣ್ಣನ ಮಗಳಿಗೆಂದು ಅಂಥದೊಂದು ದೀಪವನ್ನು ಬೆಂಗಳೂರಿಗೆ ತಂದಾಗ ನಾನು ನಕ್ಕಿದ್ದೆ. ನಮ್ಮದು 13 ಡಿಗ್ರಿ ಅಕ್ಷಾಂಶದ ಊರು. ವರ್ಷವಿಡೀ ಸೂರ್ಯ 5.50 ಮತ್ತು 6.50ರ ನಡುವೆ ತಪ್ಪದೆ ಹಾಜರಾಗುತ್ತಾನೆ. ಪುಕ್ಕಟೆ ದೊರೆಯುವ ಸರಕಿಗೆ ಕೆಲವು ಸಾವಿರ ರೂಪಾಯಿ ತೆರುವುದು ಯಾವ ಅರ್ಥಶಾಸ್ತ್ರ?

ಆದರೆ ಲೆಕ್ಕ ಹಾಕಿದಾಗ ನಗು ನಿಂತಿತು. ಹತ್ತು ವರ್ಷದ ಆ ಹುಡುಗಿಯ ಶಾಲಾ ಬಸ್ಸು ಗೇಟಿನ ಬಳಿ ನಿಲ್ಲುವುದು 6.30ಕ್ಕೆ. ಏಳಬೇಕಾದದ್ದು 5.30ಕ್ಕೆ. ಜನವರಿಯ ಕೊನೆಯಲ್ಲಿ ಇಲ್ಲಿ ಸೂರ್ಯೋದಯ 6.46ಕ್ಕೆ. ಭಾರತೀಯ ಕಾಲಮಾನವು 82.5 ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದ್ದು, ಅದಕ್ಕೆ ಪಶ್ಚಿಮದಲ್ಲಿರುವ ನಮ್ಮ ಸೂರ್ಯ ಗಡಿಯಾರಕ್ಕಿಂತ ಸುಮಾರು 20 ನಿಮಿಷ ಹಿಂದೆಯೇ ಇರುತ್ತಾನೆ. ಅಂದರೆ ಉಷ್ಣವಲಯದ ಮಗುವೂ ಬಸ್ಸು ಹತ್ತುವ ಹೊತ್ತಿಗೆ ಸೂರ್ಯನನ್ನು ಕಂಡಿರುವುದಿಲ್ಲ. ಸ್ವೀಡನ್ನಿನಲ್ಲಿ ಇದು ಪ್ರಕೃತಿಯ ನಿಯಮ, ಇಲ್ಲಿ ವೇಳಾಪಟ್ಟಿಯ ನಿಯಮ.

ದೇಹದೊಳಗೊಂದು ಗಡಿಯಾರವಿದೆ ಎಂಬುದು ಹೊಸ ತಿಳಿವಳಿಕೆಯಲ್ಲ. 1729ರಷ್ಟು ಹಿಂದೆಯೇ ಫ್ರಾನ್ಸಿನ ದ ಮೆರಾನ್ ಎಂಬ ವಿಜ್ಞಾನಿ, ಮುಟ್ಟಿದರೆ ಮುನಿಯಂಥ ಗಿಡವನ್ನು ಕತ್ತಲಲ್ಲಿಟ್ಟರೂ ಅದರ ಎಲೆಗಳು ಹಗಲಿನ ಹೊತ್ತಿಗೆ ಬಿಚ್ಚಿಕೊಂಡು ರಾತ್ರಿ ಮುಚ್ಚಿಕೊಳ್ಳುವುದನ್ನು ಗಮನಿಸಿದ್ದ. ಈ ಗಡಿಯಾರ ಜೀವಕೋಶದ ಮಟ್ಟದಲ್ಲಿ ನಡೆಯುವ ಬಗೆಯನ್ನು ಬಿಡಿಸಿದ ಮೂವರು ಅಮೆರಿಕನ್ನರಿಗೆ 2017ರಲ್ಲಿ ವೈದ್ಯಕೀಯ ನೊಬೆಲ್ ದೊರೆಯಿತು. ಕಣ್ಣಿನ ಅಕ್ಷಿಪಟಲದಲ್ಲಿ ನೋಡುವುದಕ್ಕಿಂತ ಹೆಚ್ಚಾಗಿ ಹೊತ್ತನ್ನು ಅಳೆಯಲು ಇರುವ ಕೆಲವು ಕೋಶಗಳಿವೆ. ಅವು ನೀಲಿಯ ಅಂಶ ಹೆಚ್ಚಿರುವ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ. ಬೆಳಗಿನ ಬೆಳಕು ಗಡಿಯಾರವನ್ನು ಮುಂದಕ್ಕೆ ಸರಿಸಿದರೆ ರಾತ್ರಿಯ ಬೆಳಕು ಹಿಂದಕ್ಕೆ ತಳ್ಳುತ್ತದೆ. ಮುಚ್ಚಿದ ರೆಪ್ಪೆಯ ಮೂಲಕವೂ ಒಂದಿಷ್ಟು ಬೆಳಕು ಒಳಹೋಗುವುದರಿಂದಲೇ ಈ ದೀಪ ಕೆಲಸ ಮಾಡುವುದು.

ಮಾಡಿತು ಕೂಡ. ಕರ್ಕಶ ಗಂಟೆ, ತಾಯಿಯ ಕೂಗು, ಮಗುವಿನ ಅಳು ಇವೆಲ್ಲ ಎರಡು ವಾರದೊಳಗೆ ಅಡಗಿದವು. ದೀಪಕ್ಕೆ ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸಿಯೇ ಮುಂದುವರಿಯುತ್ತೇನೆ.

ಅದು ಸೋತದ್ದು ಸಂಜೆಯಲ್ಲಿ. ಒಂಬತ್ತು ಗಂಟೆಗೆ ಕೋಣೆಯಲ್ಲಿ ಕೃತಕ ಸೂರ್ಯಾಸ್ತ ಆರಂಭವಾಗುತ್ತಿತ್ತು. ಅದೇ ಹೊತ್ತಿಗೆ ಹಾಲಿನಲ್ಲಿ ಟಿ.ವಿ., ಊಟದ ಮೇಜಿನಲ್ಲಿ ಕ್ಯಾಲಿಫೋರ್ನಿಯಾದ ಗ್ರಾಹಕರೊಡನೆ ಮಗನ ಮಾತುಕತೆ (ಅಲ್ಲಿ ಆಗತಾನೇ ಕಚೇರಿ ತೆರೆದಿರುತ್ತದೆ), ಪರದೆಯಾಚೆ ಬೀದಿದೀಪದ ಬಿಳಿ ಪ್ರಖರ ಬೆಳಕು. ಮಗು ನಿದ್ರಿಸುತ್ತಿದ್ದುದು 10.30ಕ್ಕೆ. ಅಮೆರಿಕದ ನಿದ್ರಾವೈದ್ಯರ ಸಂಸ್ಥೆಯೊಂದು 2016ರಲ್ಲಿ ಸೂಚಿಸಿದಂತೆ 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ರೆ ಬೇಕು. ಇವಳಿಗೆ ಸಿಗುತ್ತಿದ್ದುದು ಏಳು. ಎಷ್ಟು ಮೃದುವಾಗಿ ಎಬ್ಬಿಸಿದರೂ ದಿನಕ್ಕೆರಡು ಗಂಟೆಯ ಸಾಲ ಸಾಲವೇ. ವಸೂಲಿಗಾರನ ದನಿ ಮಾತ್ರ ಮೆತ್ತಗಾಗಿತ್ತು.

ಇಲ್ಲಿ ಚೆನ್ನೈಯಲ್ಲಿ ನಡೆದ ಒಂದು ಅಧ್ಯಯನವನ್ನು ನೆನೆಯಬೇಕು. ಗೌತಮ್ ರಾವ್, ಫ್ರಾಂಕ್ ಶಿಲ್‌ಬಾಕ್ ಮುಂತಾದ ಅರ್ಥಶಾಸ್ತ್ರಜ್ಞರು ಅಲ್ಲಿನ 452 ಮಂದಿ ಕಡಿಮೆ ಆದಾಯದ ವಯಸ್ಕರ ನಿದ್ರೆಯನ್ನು ಕೈಗೆ ಕಟ್ಟುವ ಮಾಪಕದಿಂದ ಅಳೆದು 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಹಾಸಿಗೆಯಲ್ಲಿ ಕಳೆಯುತ್ತಿದ್ದುದು ಎಂಟು ಗಂಟೆ; ನಿದ್ರಿಸುತ್ತಿದ್ದುದು ಐದೂವರೆ. ಕಣ್ಣುಪಟ್ಟಿ, ಕಿವಿಗೆ ತುರುಕುವ ಬಿರಡೆ, ಹಾಸಿಗೆ, ಫ್ಯಾನು ಎಲ್ಲವನ್ನೂ ಕೊಟ್ಟು ಪ್ರೋತ್ಸಾಹಿಸಿದ ಮೇಲೆ ರಾತ್ರಿಯ ನಿದ್ರೆ ಸುಮಾರು 27 ನಿಮಿಷ ಹೆಚ್ಚಿತು. ಆದರೆ ಅದರಿಂದ ಕೆಲಸದಲ್ಲಾಗಲಿ ಮನಸ್ಸಿನ ನೆಮ್ಮದಿಯಲ್ಲಾಗಲಿ ಅಳೆಯಬಹುದಾದ ಲಾಭ ಕಾಣಲಿಲ್ಲ. ಕೆಲಸದ ಸ್ಥಳದಲ್ಲೇ ನೆಮ್ಮದಿಯಾಗಿ ತೆಗೆದ ಅರ್ಧ ಗಂಟೆಯ ಮಧ್ಯಾಹ್ನದ ನಿದ್ದೆಯಿಂದ ಲಾಭವಾಯಿತು! ನಿದ್ರೆಯ ಅವಧಿಯಷ್ಟೇ ಅದರ ಗುಣಮಟ್ಟವೂ ಮುಖ್ಯ, ಗದ್ದಲ, ಸೆಕೆ, ಸೊಳ್ಳೆ, ಬೆಳಕು ತುಂಬಿದ ನಗರದ ರಾತ್ರಿಯನ್ನು ಒಬ್ಬೊಬ್ಬರಿಗೂ ಹಂಚುವ ಉಪಕರಣಗಳು ಪೂರ್ತಿ ಸರಿಪಡಿಸಲಾರವು ಎಂಬುದು ನಾನು ಇದರಿಂದ ಗ್ರಹಿಸಿದ್ದು. ಕತ್ತಲೆ ಮತ್ತು ನಿಶ್ಶಬ್ದ ಸಾರ್ವಜನಿಕ ಸರಕುಗಳು. ಕೆರೆ, ರಸ್ತೆಗಳಂತೆ ಅವನ್ನೂ ಯಾರಾದರೂ ಕಾಯಬೇಕು.

ಇದನ್ನು ಹೇಳುವಾಗ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಸೇವೆಯ ಕೊನೆಯ ವರ್ಷಗಳಲ್ಲಿ ಒಂದು ಪಟ್ಟಣದ ಸೋಡಿಯಂ ಬೀದಿದೀಪಗಳನ್ನು ತೆಗೆದು ಎಲ್‌ಇಡಿ ಅಳವಡಿಸುವ ಕಡತ ನನ್ನ ಮೇಜಿಗೆ ಬಂದಿತ್ತು. ವಿದ್ಯುತ್ ಉಳಿತಾಯ, ಬಾಳಿಕೆ, ಬಂಡವಾಳ ಮರಳುವ ಅವಧಿ ಎಲ್ಲವನ್ನೂ ಪರಿಶೀಲಿಸಿ ಸಹಿ ಮಾಡಿದೆ. ಬೆಳಕಿನ ಬಣ್ಣವೇನು, ಅದು ರಸ್ತೆಗೆ ಬೀಳುತ್ತದೆಯೋ ಮಲಗುವ ಕೋಣೆಗೋ ಎಂದು ನಾನು ಕೇಳಲಿಲ್ಲ; ನನ್ನನ್ನೂ ಯಾರೂ ಕೇಳಲಿಲ್ಲ. ಉಳಿತಾಯ ನಿಜವೇ. ಆದರೆ 6000 ಕೆಲ್ವಿನ್‌ನ ನೀಲಿ ಬಿಳುಪಿನ ಬದಲು 3000 ಕೆಲ್ವಿನ್‌ನ ಹಳದಿ ಛಾಯೆಯ ಎಲ್‌ಇಡಿಯನ್ನು, ಬೆಳಕು ಕೆಳಕ್ಕಷ್ಟೇ ಬೀಳುವಂಥ ಮುಚ್ಚಳದೊಡನೆ ಕೇಳಿದ್ದರೆ ಉಳಿತಾಯದ ಬಹುಪಾಲು ಹಾಗೆಯೇ ಉಳಿಯುತ್ತಿತ್ತು. ಟೆಂಡರ್ ಷರತ್ತಿನಲ್ಲಿ ಎರಡು ಸಾಲು ಸೇರಿಸುವ ಕೆಲಸ ಅದು.

ಶಾಲೆಯ ವೇಳೆಯೂ ಇಂಥದೇ ಸಂಗತಿ. ಬೆಂಗಳೂರಿನಲ್ಲಿ 2023ರಲ್ಲಿ ಶಾಲಾ ಸಮಯ ಬದಲಿಸುವ ಚರ್ಚೆ ನಡೆದದ್ದು ಸಂಚಾರ ದಟ್ಟಣೆಯ ದೃಷ್ಟಿಯಿಂದ. ಮಕ್ಕಳ ನಿದ್ರೆ ಅಲ್ಲಿ ಮುಖ್ಯ ವಿಷಯವಾಗಿರಲಿಲ್ಲ. ಮಹಾರಾಷ್ಟ್ರ ಸರ್ಕಾರವಾದರೋ 2024ರ ಫೆಬ್ರುವರಿಯಲ್ಲಿ, ನಾಲ್ಕನೆಯ ತರಗತಿಯವರೆಗಿನ ಶಾಲೆಗಳು 9 ಗಂಟೆಗೆ ಅಥವಾ ಅನಂತರವೇ ಆರಂಭವಾಗಬೇಕೆಂದು ಮಕ್ಕಳ ನಿದ್ರೆಯನ್ನೇ ಕಾರಣವಾಗಿ ನೀಡಿ ಆದೇಶಿಸಿತು. ಬಸ್ಸಿನ ಸರದಿ, ಪೋಷಕರ ಕಚೇರಿ ವೇಳೆ ಮುಂತಾದ ತೊಡಕುಗಳು ಅಲ್ಲಿಯೂ ಇವೆ. ಆದೇಶ ಎಲ್ಲೆಡೆ ಪಾಲನೆಯಾಗುವುದೆಂದು ನಂಬುವಷ್ಟು ಮುಗ್ಧ ನಾನಲ್ಲ. ಆದರೂ ಮಗುವಿನ ನಿದ್ರೆ ಸರ್ಕಾರಿ ಆದೇಶವೊಂದರ ವಿಷಯವಾದದ್ದು ಸಣ್ಣ ಸಂಗತಿಯಲ್ಲ.

ನಮ್ಮ ಮನೆಯ ಮಟ್ಟಿಗೆ ಕೆಲವು ಏರ್ಪಾಡುಗಳಾಗಿವೆ. ಎಂಟು ಗಂಟೆಯ ಅನಂತರ ಹಾಲಿನ ಟ್ಯೂಬ್‌ಲೈಟ್ ಆರಿಸಿ ಮೂಲೆಯ ಹಳದಿ ಬಲ್ಬನ್ನು ಮಾತ್ರ ಉಳಿಸುತ್ತೇವೆ. ಮಗನ ಕ್ಯಾಲಿಫೋರ್ನಿಯಾ ಕೊನೆಯ ಕೋಣೆಗೆ ಸ್ಥಳಾಂತರಗೊಂಡಿದೆ. ರಾತ್ರಿಯ ಧಾರಾವಾಹಿಯನ್ನು ನಾನು ತ್ಯಜಿಸಿದ್ದೇನೆ. ಇದು ಎಲ್ಲಕ್ಕಿಂತ ಕಠಿಣವಾದ ಸುಧಾರಣೆ. ರಜಾದಿನಗಳಲ್ಲಿ ಮೊಮ್ಮಗಳೂ ನಾನೂ ಏಳು ಗಂಟೆಗೆ ತಾರಸಿಯ ಮೇಲಿರುತ್ತೇವೆ. ಮೋಡವಿದ್ದರೂ ಅಲ್ಲಿನ ಬೆಳಕು ಕೆಲವು ಸಾವಿರ ಲಕ್ಸ್‌ನಷ್ಟಾಗುತ್ತದೆ, ದೀಪದ್ದು ಹಾಸಿಗೆಯ ಬಳಿ ಇನ್ನೂರು ಮುನ್ನೂರು. ಮಗು ಈಗ ಮಲಗುವುದು 9.15ಕ್ಕೆ. ಸಾಲದಲ್ಲಿ ಒಂದೂಕಾಲು ಗಂಟೆ ತೀರಿದೆ. ಉಳಿದ ಮುಕ್ಕಾಲು ಗಂಟೆ 6.30ರ ಬಸ್ಸಿನ ಕೈಯಲ್ಲಿದೆ. ಮುಂದಿನ ಪೋಷಕರ ಸಭೆಯ ಕಾರ್ಯಸೂಚಿಗೆ ಅದನ್ನು ಸೇರಿಸುವಂತೆ ಬರೆದುಕೊಟ್ಟಿದ್ದೇನೆ. ಬೀದಿದೀಪಕ್ಕೆ ಮುಚ್ಚಳ ಕೋರಿ ಸಂಬಂಧಪಟ್ಟ ಕಚೇರಿಗೆ ಕೊಟ್ಟ ಅರ್ಜಿಗೆ ಸ್ವೀಕೃತಿ ಸಂಖ್ಯೆ ಬಂದಿದೆ.