ಜಾಲತಾಣದ ಹೊಸ್ತಿಲಲ್ಲಿ ನಿಂತವರು

ಸರ್ಕಾರಿ ಕಚೇರಿಯ ಮೆಟ್ಟಿಲುಗಳ ಪಕ್ಕದಲ್ಲಿ ಗಾಲಿಕುರ್ಚಿಗೆಂದು ಇಳಿಜಾರು ಹಾದಿಯೊಂದಿರಬೇಕು ಎಂಬ ಮಾತನ್ನು ಇಂದು ಯಾರೂ ಅಲ್ಲಗಳೆಯಲಾರರು. ಆದರೆ ಪಿಂಚಣಿ, ಬ್ಯಾಂಕ್ ಖಾತೆ, ಪರೀಕ್ಷೆಯ ಅರ್ಜಿಗಳೆಲ್ಲ ಜಾಲತಾಣಕ್ಕೆ ಸ್ಥಳಾಂತರಗೊಂಡಿರುವ ಈ ದಿನಗಳಲ್ಲಿ ಅಲ್ಲಿಗೂ ಅಂತಹದೊಂದು ಹಾದಿ ಬೇಡವೇ?

ಈ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯ ಇತ್ತೀಚೆಗೆ ಎರಡು ಬಾರಿ ಉತ್ತರ ನೀಡಿದೆ. ಮಾಹಿತಿಯೆಲ್ಲವೂ ವಿಕಲಚೇತನರಿಗೆ ನಿಲುಕುವ ರೂಪದಲ್ಲಿರುವಂತೆ ಸರ್ಕಾರ ನೋಡಿಕೊಳ್ಳಬೇಕೆಂದು 2016ರ ಹಕ್ಕುಗಳ ಕಾಯ್ದೆಯ 42ನೆಯ ಕಲಂ ವಿಧಿಸಿದೆ. 2017ರ ನಿಯಮಗಳಾದರೋ ಈ ಕಡ್ಡಾಯವನ್ನು ಬರಿಯ ಶಿಫಾರಸಿನ ಮಟ್ಟಕ್ಕಿಳಿಸಿದ್ದವು. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ನ್ಯಾಯಾಲಯ ಆ 15(1)ನೆಯ ನಿಯಮವನ್ನು ಕಾಯ್ದೆಗೆ ವಿರುದ್ಧವಾದುದೆಂದು ಸಾರಿ, ಕಡ್ಡಾಯ ಮಾನದಂಡಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಮುಂದೆ 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದ ತೀರ್ಪು ಬಂದಿತು. ಗುರುತಿನ ಪರಿಶೀಲನೆಗೆ ಕಣ್ಣು ಮಿಟುಕಿಸಬೇಕೆಂದರೆ, ಆಸಿಡ್ ದಾಳಿಯಿಂದ ಕಣ್ಣು ಕಳೆದುಕೊಂಡವರು ಏನು ಮಾಡಬೇಕು? ನ್ಯಾಯಾಲಯ ಡಿಜಿಟಲ್ ಪ್ರವೇಶವನ್ನು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ಎತ್ತಿಹಿಡಿದು, 20 ನಿರ್ದೇಶನಗಳನ್ನು ನೀಡಿತು.

ತೀರ್ಪು ಟೇಬಲ್ಲಿನವರೆಗೆ ಇಳಿಯುವುದು ಹೇಗೆಂಬುದೇ ಈಗಿನ ಪ್ರಶ್ನೆ. ಸರ್ಕಾರಿ ಜಾಲತಾಣಗಳಿಗೆ ಮಾರ್ಗಸೂಚಿ 2009ರಲ್ಲಿಯೇ ಬಂದಿತ್ತು. ಅದರ ಮೂರನೆಯ ಆವೃತ್ತಿ 2023ರದು. ಜಾಲತಾಣವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೂ ಉಂಟು. ಆದರೆ ಪ್ರಮಾಣಪತ್ರ ಪಡೆದ ತಾಣವೂ ದಿನದಿನದ ರೂಢಿಯಿಂದ ಕೆಡಬಲ್ಲದು. ಸುತ್ತೋಲೆಯನ್ನು ಗಣಕಯಂತ್ರದಲ್ಲಿ ಟೈಪು ಮಾಡಿ, ಮುದ್ರಿಸಿ, ಸಹಿ ಮೊಹರು ಹಾಕಿ, ಮತ್ತೆ ಸ್ಕ್ಯಾನ್ ಮಾಡಿ ಏರಿಸುತ್ತೇವೆ. ಓದಬಲ್ಲ ಅಕ್ಷರ ಅಲ್ಲಿಗೆ ಚಿತ್ರವಾಗಿಬಿಡುತ್ತದೆ. ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಅದು ಖಾಲಿ ಹಾಳೆಗೆ ಸಮ. ಸಹಿಯ ಮೇಲಿನ ನಂಬಿಕೆಯೇ ಇದಕ್ಕೆ ಕಾರಣವೆನ್ನುವುದಾದರೆ, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯೇ ಡಿಜಿಟಲ್ ಸಹಿಗೆ ಮಾನ್ಯತೆ ನೀಡಿದೆ. ಟೈಪು ಮಾಡಿದ ಮೂಲ ಕಡತವನ್ನೂ ಜೊತೆಗಿರಿಸಲು ಹೊಸ ಅನುದಾನವೇನೂ ಬೇಕಿಲ್ಲ.

ಕನ್ನಡದ ಮಟ್ಟಿಗೆ ತೊಡಕು ಇಮ್ಮಡಿ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಬರಹ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದ ಒಳಗೆ ಬೇರೆಯೇ ಸಂಕೇತಗಳ ಸರಮಾಲೆಯಾಗಿರುತ್ತದೆ. ಕಿವಿಗೆ ಬೀಳುವುದು ಅರ್ಥವಿಲ್ಲದ ಸದ್ದು. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್‌ನೊಡನೆ ಬರುವ ಇ-ಸ್ಪೀಕ್ ಧ್ವನಿಯು ಕನ್ನಡವನ್ನು ಓದಬಲ್ಲುದು. ಅದಕ್ಕೆ ಓದಲು ನಾವು ಕನ್ನಡವನ್ನು ಕೊಡಬೇಕಷ್ಟೆ. ಕನ್ನಡದ ಉಳಿವಿನ ಬಗೆಗೆ ವೇದಿಕೆಗಳಲ್ಲಿ ಆತಂಕ ಪಡುವ ನಾವು, ದೃಷ್ಟಿಯಿಲ್ಲದ ಕನ್ನಡಿಗನೊಬ್ಬ ತನ್ನದೇ ಭಾಷೆಯ ಸರ್ಕಾರಿ ಆದೇಶಕ್ಕೆ ಹೊರಗಿನವನಾಗುವುದನ್ನು ಭಾಷೆಯ ಪ್ರಶ್ನೆಯೆಂದು ಏಕೆ ಭಾವಿಸುವುದಿಲ್ಲ?

ಹೊರನಾಡ ಕನ್ನಡಿಗರಿಗೆ ಇದು ಪರರ ಕಷ್ಟವಲ್ಲ. ದೆಹಲಿ, ನೋಯಿಡಾ, ಗುರುಗ್ರಾಮಗಳಲ್ಲಿ ನೆಲೆನಿಂತವರಿಗೆ ಊರಿನ ಪಹಣಿಯಾಗಲಿ, ಅರ್ಜಿಯಾಗಲಿ ಜಾಲತಾಣದ ಮೂಲಕವೇ ಹತ್ತಿರ. ನೌಕರಿಗೆಂದು ಬಂದು ಇಲ್ಲಿಯೇ ವೃದ್ಧರಾದವರ ಕಣ್ಣು ಮಂಜಾಗುತ್ತಿದೆ, ಬೆರಳು ನಡುಗುತ್ತಿದೆ. ಇಂದು ವಿಕಲಚೇತನರಿಗೆಂದು ತೆರೆದ ಹಾದಿಯಲ್ಲಿ ನಾಳೆ ನಾವೂ ನಡೆಯಬೇಕಾದೀತು.

ಆದ್ದರಿಂದ ಸಂಘಗಳು ತಮ್ಮ ಪತ್ರಿಕೆ, ಆಹ್ವಾನ, ಪ್ರಕಟಣೆಗಳನ್ನು ಯೂನಿಕೋಡ್ ಪಠ್ಯರೂಪದಲ್ಲಿಯೂ ಕೊಡುವ ಕ್ರಮವನ್ನು ಅನುಸರಿಸಬೇಕು. ಚಿತ್ರರೂಪದ ಆದೇಶ ಕಂಡಲ್ಲೆಲ್ಲ ಆಯಾ ಇಲಾಖೆಗೆ, ಬೆಂಗಳೂರಾಗಲಿ ದೆಹಲಿಯಾಗಲಿ, ಲಿಖಿತವಾಗಿ ಪಠ್ಯರೂಪವನ್ನು ಕೇಳಬೇಕು. ಕೇಳುವಾಗ ಅನುಕಂಪದ ಭಾಷೆ ಬೇಡ. 42ನೆಯ ಕಲಮನ್ನು ಉಲ್ಲೇಖಿಸಿದರೆ ಸಾಕು.